ಸಂಪಂಗಿ ಕೆರೆಯಂಗಳದ ನೀಲಿ

ಕಸ್ತೂರಬಾ ರಸ್ತೆಯಿಂದ ಕಂಠೀರವ ಕ್ರೀಡಾಂಗಣದತ್ತ ತಿರುಗಿದ್ದೇ ಡ್ರಮ್ಮಿನ ಸದ್ದು ಕೇಳಿತು. ಆಟಕ್ಕೆ ಇನ್ನೂ ಹೊತ್ತಿದೆ. ಆಗಲೇ ನೀಲಿ ಅಂಗಿಗಳ ಸಾಲು. ಒಳಹೋಗುವ ಮೊದಲು ಪಕ್ಕದ ಪುಟ್ಟ ಕೊಳದ ಬಳಿ ನಿಂತೆ. ಕ್ರೀಡಾಂಗಣ ಎದ್ದಿರುವುದು ಸಂಪಂಗಿ ಕೆರೆಯ ಅಂಗಳದಲ್ಲಿ. ಕೆರೆ ಹೋಗಿದೆ, ಕರಗದ ಆಚರಣೆಗೆಂದು ಇಷ್ಟು ನೀರು ಉಳಿದಿದೆ.

ನಾನು ಶಿರಸಿಯ ಮತ್ತಿಘಟ್ಟದವನು. ತೋಟದ ಇಳಿಜಾರು ಮುಗಿದಲ್ಲಿ ಗುಡ್ಡ ಏರುವ ಊರು. ಕೊಯ್ಲಾದ ಗದ್ದೆಯಲ್ಲಿ ವಾಲಿಬಾಲ್ ನೆಟ್ ಕಟ್ಟಿ ಬೆಳೆದವನಿಗೆ ಫುಟ್‌ಬಾಲ್ ಹತ್ತಿಸಿದ್ದು ಇಲ್ಲಿನ ಪಶ್ಚಿಮದ ಸ್ಟ್ಯಾಂಡು.

ಅದು ಬೆಂಗಳೂರು ಎಫ್‌ಸಿ ಕ್ಲಬ್ಬಿನ 'ವೆಸ್ಟ್ ಬ್ಲಾಕ್ ಬ್ಲೂಸ್' ಅಭಿಮಾನಿಗಳ ಜಾಗ. ಅಲ್ಲಿ ಯಾರೂ ಕೂರುವುದಿಲ್ಲ. ಸ್ಟ್ಯಾಂಡಿಗೂ ಹುಲ್ಲಿಗೂ ನಡುವೆ ಓಟದ ಟ್ರ್ಯಾಕ್ ಇದೆ; ಕೂಗು ಅದನ್ನು ದಾಟಿ ಆಟಗಾರನ ಕಿವಿ ಮುಟ್ಟಬೇಕು. ನನ್ನ ಮುಂದಿನ ಸಾಲಿನಲ್ಲಿ ಅಜ್ಜನೊಬ್ಬರು ಮೊಮ್ಮಗಳ ಕೊರಳಿಗೆ ನೀಲಿ ಶಾಲು ಸುತ್ತಿ, ಯಾವ ಹಾಡಿಗೆ ಎಲ್ಲಿ ಚಪ್ಪಾಳೆ ಎಂದು ಹೇಳಿಕೊಡುತ್ತಿದ್ದರು.

ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ. ಆಗ ಇಂಗ್ಲೆಂಡಿನ ಆ್ಯಶ್ಲಿ ವೆಸ್ಟ್‌ವುಡ್ ಕೋಚ್. ಮೊದಲ ವರ್ಷವೇ ಐ-ಲೀಗ್ ಕೈಸೇರಿತು. ಆದರೆ ನಗರದ ಫುಟ್‌ಬಾಲ್ ಹಸಿವು ಕ್ಲಬ್ಬಿಗಿಂತ ಬಹಳ ಹಳೆಯದು. ಬ್ರಿಟಿಷ್ ಸೇನಾ ತಂಡಗಳದ್ದೇ ದರ್ಬಾರಾಗಿದ್ದ ಬೊಂಬಾಯಿಯ ರೋವರ್ಸ್ ಕಪ್ಪನ್ನು ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಗೆದ್ದು ತಂದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಹಲಸೂರಿನ ಗೌತಮಪುರದಲ್ಲಿ ಇವತ್ತಿಗೂ ಪೆಲೆ ಪ್ರತಿಮೆ ಇದೆ. ಹೊಸ ಕ್ಲಬ್ ಬೇರು ಬಿಟ್ಟದ್ದು ಹದವಾಗಿದ್ದ ಈ ನೆಲದಲ್ಲಿ.

2016ರ ಅಕ್ಟೋಬರ್ 19ರಂದು ಇದೇ ಹುಲ್ಲಿನ ಮೇಲೆ ಮಲೇಷ್ಯಾದ ಜೊಹೊರ್ ತಂಡವನ್ನು 3–1ರಿಂದ ಮಣಿಸಿ, ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಆಯಿತು ಬೆಂಗಳೂರು. ಎರಡು ಗೋಲು ಸುನಿಲ್ ಛೆಟ್ರಿಯವು. ಸಿಕಂದರಾಬಾದಿನಲ್ಲಿ ಹುಟ್ಟಿ ದೆಹಲಿಯಲ್ಲಿ ಆಟ ಕಲಿತ ಛೆಟ್ರಿಯನ್ನು ಈ ಸ್ಟ್ಯಾಂಡು ಮನೆಮಗನಾಗಿ ಸ್ವೀಕರಿಸಿದೆ. ನನ್ನಂತೆ ಬಸ್ಸು ಹತ್ತಿ ಬಂದ ಸಾವಿರಾರು ಜನರನ್ನೂ.

ಆಟ ಮುಗಿದ ಮೇಲೆ ಆಟಗಾರರು ಪಶ್ಚಿಮದ ಸ್ಟ್ಯಾಂಡಿನತ್ತ ನಡೆದು ಬಂದರು. ಡ್ರಮ್ಮು ನಿಧಾನಕ್ಕೆ ಶುರುವಾಯಿತು. ಆ ಪುಟ್ಟ ಹುಡುಗಿ ಒಂದು ಚಪ್ಪಾಳೆಯನ್ನೂ ತಪ್ಪಿಸಲಿಲ್ಲ.

ನೀವೂ ಬನ್ನಿ. ಕಬ್ಬನ್ ಪಾರ್ಕ್ ಮೆಟ್ರೊ ನಿಲ್ದಾಣ ಹತ್ತಿರದಲ್ಲೇ ಇದೆ. ಆಟದ ನಿಯಮ ಗೊತ್ತಿಲ್ಲದಿದ್ದರೂ ಸರಿ, ಪಶ್ಚಿಮದ ಟಿಕೆಟ್ಟನ್ನೇ ಕೇಳಿ. ಪಕ್ಕದವರು ಹೇಳಿಕೊಡುತ್ತಾರೆ.