ಒಂದು ‘ಇಲ್ಲ’ದ ವೃತ್ತಾಂತ

ಕಾಲೇಜಿನಲ್ಲಿ ಕನ್ನಡ ಪಾಠ ಹೇಳತೊಡಗಿ ಇಪ್ಪತ್ತು ವರ್ಷಗಳಾದುವು. ರಾಜರತ್ನಂ ಅವರ ‘ರತ್ನನ ಪದಗಳ’ನ್ನು ಪಾಠ ಮಾಡುವ ದಿನವೆಂದರೆ ನನ್ನ ತರಗತಿಯಲ್ಲಿ ಒಂದು ಬಗೆಯ ಹಬ್ಬ. ಸ್ವತಃ ಹೆಂಡದ ರುಚಿಯನ್ನರಿಯದ ಕನ್ನಡ ಮೇಷ್ಟರೊಬ್ಬರು ಹೆಂಡಕುಡುಕನ ಬಾಯಲ್ಲಿ ಅಂಥ ಕನ್ನಡವನ್ನು ನುಡಿಸಿದರಲ್ಲ ಎಂದು ನಾನು ಬೆರಗಿನಿಂದ ಹೇಳುವುದು, ಹಿಂದಿನ ಬೆಂಚಿನ ಹುಡುಗರು ತೂರಾಡಿ ತೋರಿಸುವುದು, ಎಲ್ಲರೂ ನಗುವುದು. ಇದು ವರ್ಷವರ್ಷವೂ ನಡೆದುಬಂದ ಪದ್ಧತಿ. ರತ್ನನ ಹೆಂಡತಿ ಪುಟ್ನಂಜಿಯನ್ನು ಕುರಿತು ಯಾವ ಹುಡುಗನೂ ಪ್ರಶ್ನೆ ಕೇಳಿದ್ದಿಲ್ಲ. ನಾನೂ ಕೇಳಿದವನಲ್ಲ.

ಕಳೆದ ಮಳೆಗಾಲದ ಒಂದು ಭಾನುವಾರ ಸಂಜೆ ನನ್ನ ಅಣ್ಣ ಸ್ಕೂಟರಿನಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡ. ಜಿಲ್ಲಾ ಕೇಂದ್ರದ ಆಸ್ಪತ್ರೆಯೊಂದಕ್ಕೆ ಸೇರಿಸಿದೆವು. ಒಳರೋಗಿಯ ಪತ್ರ ತುಂಬುತ್ತಿದ್ದ ತರುಣ, ಸಕ್ಕರೆ ಕಾಯಿಲೆ ಉಂಟೆ, ರಕ್ತದೊತ್ತಡ ಉಂಟೆ ಎಂದು ಕೇಳುತ್ತ ಬಂದು, ತಲೆಯೆತ್ತದೆಯೇ, “ಬೀಡಿ, ಕುಡಿತ ಏನಾದರೂ?” ಎಂದ. ಅತ್ತಿಗೆ ನನ್ನ ಮುಖವನ್ನು ನೋಡಿದರು. ಪಕ್ಕದ ಬೆಂಚಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕುಳಿತಿದ್ದ. “ಇಲ್ಲ” ಎಂದೆ. ಆತ ಹಾಗೆಯೇ ಬರೆದುಕೊಂಡ. ಹದಿನೈದು ವರ್ಷಗಳಿಂದ ಸಂಜೆ ತಪ್ಪಿದರೂ ಕುಡಿತ ತಪ್ಪದ ಮನುಷ್ಯನ ವಿಷಯವಾಗಿ ನಾನು ಹೇಳಿದ ಮಾತು ಅದು. ಮನೆತನದ ಮರ್ಯಾದೆ ಉಳಿಯಿತೆಂದು ಆ ಕ್ಷಣ ಸಮಾಧಾನವೂ ಆಯಿತೆಂಬುದನ್ನು ಮುಚ್ಚಿಡಲಾರೆ.

ಮೊದಲ ರಾತ್ರಿ ಅಣ್ಣನ ಕೈ ನಡುಗಿತು, ನೋವಿನಿಂದಿರಬೇಕೆಂದರು. ಮರುದಿನ ಬೆವರು, ನಿದ್ದೆಯಿಲ್ಲ, ಜ್ವರವಿರಬೇಕೆಂದರು. ಮೂರನೆಯ ರಾತ್ರಿ ಆತ ಹೊದಿಕೆಯ ಮೇಲಿಂದ ಇಲ್ಲದ ಇರುವೆಗಳನ್ನು ಒಂದೊಂದಾಗಿ ಹೆಕ್ಕಿ ಎಸೆಯತೊಡಗಿದ. ತೀರಿಕೊಂಡು ಹನ್ನೊಂದು ವರ್ಷವಾಗಿದ್ದ ನಮ್ಮ ತಂದೆಯವರನ್ನು ಕಿಟಕಿಯ ಬಳಿ ಕಂಡು, “ಅಪ್ಪ, ನಿಂತೇ ಇದೀರಲ್ಲ, ಕೂತ್ಕೊಳ್ಳಿ” ಎಂದ. ಮುರಿದ ಕಾಲಿನಲ್ಲಿಯೇ ಮಂಚ ಇಳಿಯಹೋದವನನ್ನು ಹಿಡಿಯಲು ಮೂವರು ಬೇಕಾದರು. ಪಕ್ಕದ ಮಂಚದವರು ಗಾಳಿ ಸೋಕಿದೆಯೆಂದು ನಿಂಬೆಹಣ್ಣು ತರಿಸುವ ಮಾತಾಡುತ್ತಿದ್ದರು.

ರಾತ್ರಿ ಪಾಳಿಯ ಕಿರಿಯ ವೈದ್ಯೆ ಬಂದು ನಾಡಿ ನೋಡಿದಳು. ಪತ್ರವನ್ನು ಓದಿದಳು. ಆಮೇಲೆ ನನ್ನನ್ನು ಬಿಟ್ಟು ಅತ್ತಿಗೆಯ ಕಡೆ ತಿರುಗಿ, “ಅಮ್ಮ, ಇವರು ಕೊನೇ ಸಲ ಕುಡಿದದ್ದು ಯಾವಾಗ?” ಎಂದು ಕೇಳಿದಳು.

“ಭಾನುವಾರ. ಮಧ್ಯಾಹ್ನ ಮೂರು ಗಂಟೆಗೆ.”

“ದಿನಕ್ಕೆ ಎಷ್ಟು?”

ಅತ್ತಿಗೆ ಅದನ್ನೂ ಹೇಳಿದರು, ಬಾಟಲಿಗೆ ಗೆರೆ ಹಾಕಿ ಅಳೆದವರಂತೆ. ಇಷ್ಟು ವರ್ಷ ಅವರು ಇಟ್ಟುಕೊಂಡಿದ್ದ ಆ ಲೆಕ್ಕವನ್ನು ಕೇಳಿದ ಮೊದಲ ವ್ಯಕ್ತಿ ಆ ಹುಡುಗಿ.

ಆಕೆ ಬಳಿಕ ನನಗೆ ತಿಳಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುವೆ. ಮದ್ಯ ಮೆದುಳನ್ನು ಮಂದಗೊಳಿಸುತ್ತದೆ. ನಿತ್ಯ ಕುಡಿಯುವವನ ಮೆದುಳು ಆ ಭಾರಕ್ಕೆದುರಾಗಿ ತನ್ನ ಚುರುಕನ್ನು ಹೆಚ್ಚಿಸಿಕೊಂಡು ಹೇಗೋ ಸಮತೂಕದಲ್ಲಿರುತ್ತದೆ. ಏತದ ಒಂದು ತುದಿಯ ಭಾರವನ್ನು ತಟ್ಟನೆ ಕಳಚಿದರೆ ಇನ್ನೊಂದು ತುದಿ ಧಡಾರನೆ ನೆಲಕ್ಕಪ್ಪಳಿಸುವುದಿಲ್ಲವೆ? ಹಾಗೆ. ಕುಡಿತ ನಿಂತ ಆರೆಂಟು ಗಂಟೆಗಳಲ್ಲಿ ನಡುಕ ಹುಟ್ಟುತ್ತದೆ. ಎರಡು ದಿನಗಳೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೆಯ ದಿನದ ನಡುವೆ ಈ ಬುದ್ಧಿಭ್ರಮಣೆ. ಚಿಕಿತ್ಸೆಯಿಲ್ಲದಿದ್ದರೆ ಪ್ರಾಣವೂ ಹೋಗುವುದುಂಟು. ಮದ್ದು ಅಪರೂಪದ್ದೇನೂ ಅಲ್ಲ: ಮೆದುಳನ್ನು ಶಾಂತಗೊಳಿಸುವ ಡಯಾಜೆಪಾಮ್ ಜಾತಿಯ ಔಷಧ, ಗ್ಲೂಕೋಸ್ ಏರಿಸುವ ಮುನ್ನ ಥಯಾಮಿನ್ ಎಂಬ ಬಿ1 ಜೀವಸತ್ತ್ವ. ಪತ್ರದಲ್ಲಿ ಒಂದು ಪದ ಸರಿಯಾಗಿದ್ದಿದ್ದರೆ ಇವು ಮೊದಲ ದಿನವೇ ಆರಂಭವಾಗುತ್ತಿದ್ದುವು.

ತಪ್ಪು ನನ್ನದು. ಆದರೆ ನನ್ನದೊಂದೇ ಅಲ್ಲ. ದೆಹಲಿಯ ಏಮ್ಸ್ ಸಂಸ್ಥೆ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಸಿಕ್ಕಿದೆ. ಒಳರೋಗಿಯಾಗಿ ಚಿಕಿತ್ಸೆ ಪಡೆದವರು 180ರಲ್ಲಿ ಒಬ್ಬರು. ಮಿಕ್ಕವರೆಲ್ಲ ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತುವುದಿಲ್ಲವೆಂದು ನಾನು ನಂಬಲಾರೆ. ಹತ್ತುತ್ತಾರೆ, ಮುರಿದ ಮೂಳೆ, ನೀರು ತುಂಬಿದ ಹೊಟ್ಟೆ, ಹಳದಿಯಾದ ಕಣ್ಣು ಹೊತ್ತು ಬಂದು, ಅವಕ್ಕಷ್ಟೇ ಮದ್ದು ಪಡೆದು ಇಳಿದುಹೋಗುತ್ತಾರೆ. ಕುಡಿತವನ್ನು ತಿಳಿಯಲೆಂದು ವಿಶ್ವ ಆರೋಗ್ಯ ಸಂಸ್ಥೆ ಸಿದ್ಧಪಡಿಸಿದ 10 ಪ್ರಶ್ನೆಗಳ ಪಟ್ಟಿಯೊಂದುಂಟು. ಅದಕ್ಕೆ ಐದು ನಿಮಿಷ ಸಾಕು. ಯಂತ್ರ ಬೇಡ, ಸೂಜಿ ಬೇಡ. ಬೇಕಾದದ್ದು ಇಷ್ಟೇ: ಕೇಳುವವನು ತಲೆಯೆತ್ತಿ ಕೇಳಬೇಕು, ಹಳೆಯ ವಿದ್ಯಾರ್ಥಿಗಳ ಕಿವಿಗೆ ಬೀಳದ ಜಾಗದಲ್ಲಿ ಕೇಳಬೇಕು.

ಸರ್ಕಾರದ ಮಾತನ್ನು ಹೆಚ್ಚು ಬೆಳೆಸುವುದಿಲ್ಲ. ಸಂವಿಧಾನದ 47ನೆಯ ವಿಧಿ ಪಾನನಿರೋಧಕ್ಕೆ ಯತ್ನಿಸಬೇಕೆನ್ನುತ್ತದೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಂತಿತು. ಮಿಕ್ಕ ಮದ್ಯದ ಸಗಟು ವ್ಯಾಪಾರ 2003ರಿಂದಲೂ ಸರ್ಕಾರದ ನಿಗಮದ್ದೇ. ಭಾಷೆಯ ಮೇಷ್ಟರಾದ ನನಗೆ ಹೆಚ್ಚು ಹಿಡಿಸಿದ್ದು 2017ರ ಮಾನಸಿಕ ಆರೋಗ್ಯ ಕಾಯಿದೆ. ಮದ್ಯದ ದುರ್ಬಳಕೆಯಿಂದಾಗುವ ಮನಸ್ಸಿನ ಸ್ಥಿತಿಗಳನ್ನು ಅದು ಕಾಯಿಲೆಯ ಲೆಕ್ಕಕ್ಕೆ ಸೇರಿಸಿದೆ. ನಮ್ಮ ನಿಘಂಟಿನ ‘ಕುಡುಕ’ ಅಲ್ಲಿ ‘ರೋಗಿ’.

ಕಾಲು ಕೂಡಿದ ಮೇಲೆ ಅಣ್ಣನನ್ನು ಮನೋವೈದ್ಯರಲ್ಲಿಗೆ ಕರೆದೊಯ್ದೆವು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನಚಿಕಿತ್ಸೆಗೆಂದೇ ಕೇಂದ್ರವಿದೆಯೆಂದು ಕೇಳಿದ್ದೆ. ಅಷ್ಟು ದೂರ ಹೋಗಬೇಕಾಗಲಿಲ್ಲ, ನಮ್ಮ ಜಿಲ್ಲೆಯಲ್ಲೇ ವೈದ್ಯರು ಸಿಕ್ಕರು. (ಯಾರನ್ನು ಕೇಳಬೇಕೆಂದು ತೋಚದವರಿಗೆ 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಎಂಬ ದೂರವಾಣಿಯುಂಟು.) ಮಾತ್ರೆಗಳು ಸ್ವಲ್ಪ, ಮಾತು ಬಹಳ, ತಿಂಗಳಿಗೊಮ್ಮೆ ಭೇಟಿ. ಅತ್ತಿಗೆಯನ್ನೂ ಕೂರಿಸಿಕೊಂಡೇ ಮಾತಾಡುತ್ತಾರೆ. ಅಣ್ಣ ಕಚೇರಿಗೆ ಹೋಗುತ್ತಿದ್ದಾನೆ; ಸಂಜೆಯ ಹೊತ್ತು ಏನು ಮಾಡಬೇಕೆಂಬುದು ಅವನಿಗಿನ್ನೂ ತಿಳಿಯದು. ಅಂಗಳದಲ್ಲಿ ಸುಮ್ಮನೆ ಅಡ್ಡಾಡುತ್ತಾನೆ.

ಯುಗಾದಿ ಕಳೆದ ತಿಂಗಳ ಭೇಟಿಗೆ ನಾನೂ ಹೋಗಿದ್ದೆ. ವೈದ್ಯರು, “ಈ ತಿಂಗಳು ಕುಡಿದದ್ದು ಉಂಟೇನು?” ಎಂದರು. ‘ಇಲ್ಲ’ ಎನ್ನಲು ನನ್ನ ಬಾಯಿ ತೆರೆದೇ ಇತ್ತು. ಅಷ್ಟರಲ್ಲಿ ಅಣ್ಣ, “ಹೊಸತೊಡಕಿನ ದಿನ. ಎರಡು ಸಲ” ಎಂದ.

“ಮೂರು” ಎಂದು ಅತ್ತಿಗೆ ತಿದ್ದಿದರು.

ವೈದ್ಯರು ಗದರಲಿಲ್ಲ. ಮೂರು ಎಂದು ಬರೆದುಕೊಂಡು, ಆ ದಿನ ಮನೆಗೆ ಯಾರು ಯಾರು ಬಂದಿದ್ದರೆಂದು ವಿಚಾರಿಸತೊಡಗಿದರು.