ಗಣಕೀಕರಣಕ್ಕೆ ಹಣ ಹೂಡುವ ಮುನ್ನ ಉದ್ದಿಮೆಯ ನಕಾಶೆ

ತಂತ್ರಾಂಶ ಕೊಳ್ಳುವ ಪ್ರಶ್ನೆ ಒಂದು ಕಾಲಕ್ಕೆ ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಸೀಮಿತವಾಗಿತ್ತು. ಸರಕು ಮತ್ತು ಸೇವಾ ತೆರಿಗೆ 2017ರ ಜುಲೈ 1ರಂದು ಜಾರಿಗೆ ಬಂದ ಮೇಲೆ ಆ ಸ್ಥಿತಿ ಉಳಿಯಲಿಲ್ಲ. 2018ರ ಏಪ್ರಿಲ್ 1ರಿಂದ ಅಂತರರಾಜ್ಯ ಸರಕು ಸಾಗಣೆಗೆ ಇ-ವೇ ಬಿಲ್ ಕಡ್ಡಾಯವಾಯಿತು. ವಾರ್ಷಿಕ 500 ಕೋಟಿ ರೂಪಾಯಿಗೆ ಮೀರಿದ ವಹಿವಾಟಿನವರಿಗೆಂದು 2020ರ ಅಕ್ಟೋಬರ್‌ನಲ್ಲಿ ಆರಂಭವಾದ ಇ-ಇನ್‌ವಾಯ್ಸ್ ಪದ್ಧತಿಯ ಮಿತಿಯು ಹಂತ ಹಂತವಾಗಿ ಇಳಿದು 2023ರ ಆಗಸ್ಟ್ 1ರಿಂದ 5 ಕೋಟಿ ರೂಪಾಯಿಗೆ ಬಂದಿತು. ಅದೇ ವರ್ಷದ ಏಪ್ರಿಲ್‌ನಿಂದ, ಕಂಪನಿ ಕಾಯಿದೆಯಡಿ ನೋಂದಣಿಯಾದ ಸಂಸ್ಥೆಗಳು ಲೆಕ್ಕಪತ್ರದಲ್ಲಿ ಮಾಡುವ ಪ್ರತಿಯೊಂದು ತಿದ್ದುಪಡಿಯ ಜಾಡನ್ನು ಉಳಿಸುವ ತಂತ್ರಾಂಶವನ್ನೇ ಬಳಸಬೇಕೆಂಬ ನಿಯಮವೂ ಜಾರಿಯಾಯಿತು. ಇವೆಲ್ಲ ಕಾನೂನು ಹೇರಿದ ಗಣಕೀಕರಣ. ಇಲ್ಲಿ ಉದ್ದಿಮೆದಾರರಿಗೆ ಆಯ್ಕೆ ಕಡಿಮೆ. ಹಣ ದಾರಿ ತಪ್ಪುವ ಸಂಭವವೂ ಕಡಿಮೆ. ತಪ್ಪುವುದು ಅದರಾಚೆಯ ಹೂಡಿಕೆಯಲ್ಲಿ, ಅಂದರೆ ಇ.ಆರ್.ಪಿ. ಎನ್ನಲಾಗುವ ಸಮಗ್ರ ತಂತ್ರಾಂಶ, ದಾಸ್ತಾನು ನಿರ್ವಹಣೆ, ಬಾರ್‌ಕೋಡ್ ವ್ಯವಸ್ಥೆ, ಆನ್‌ಲೈನ್ ಮಾರಾಟ ಮುಂತಾದವುಗಳಲ್ಲಿ.

ಇಂತಹ ಹೂಡಿಕೆಯು ಸಂಸ್ಥೆಯ ವ್ಯಾಪಾರ ನೀತಿಗೆ ಹೊಂದದಿದ್ದಲ್ಲಿ ಏನಾಗುತ್ತದೆಂಬುದನ್ನು ಜರ್ಮನಿಯ ಲಿಡ್ಲ್ ಸಂಸ್ಥೆಯ ಪ್ರಕರಣದಲ್ಲಿ ಸ್ಪಷ್ಟವಾಗಿ ಕಾಣಬಹುದು. ಅಗ್ಗದ ದರದಲ್ಲಿ ದಿನಸಿ ಮಾರುವ ಈ ಸಂಸ್ಥೆಗೆ ಯುರೋಪಿನಾದ್ಯಂತ ಸುಮಾರು ಹತ್ತು ಸಾವಿರ ಮಳಿಗೆಗಳಿದ್ದವು. ತಾನೇ ರೂಪಿಸಿಕೊಂಡಿದ್ದ ಹಳೆಯ ದಾಸ್ತಾನು ವ್ಯವಸ್ಥೆಯನ್ನು ಕೈಬಿಟ್ಟು, ತನ್ನದೇ ದೇಶದ ಎಸ್‌ಎಪಿ ಕಂಪನಿಯ ಸಿದ್ಧ ತಂತ್ರಾಂಶವನ್ನು ಅಳವಡಿಸಲು ಅದು 2011ರಲ್ಲಿ ಮುಂದಾಯಿತು. ಏಳು ವರ್ಷ ಕೆಲಸ ನಡೆಯಿತು. ಆಸ್ಟ್ರಿಯದಂತಹ ಕೆಲವು ಸಣ್ಣ ಮಾರುಕಟ್ಟೆಗಳಲ್ಲಿ ಹೊಸ ವ್ಯವಸ್ಥೆ ಬಳಕೆಗೂ ಬಂದಿತು. 2018ರ ಜುಲೈ ತಿಂಗಳಲ್ಲಿ ಆಡಳಿತ ಮಂಡಳಿಯು ಇಡೀ ಯೋಜನೆಯನ್ನು ನಿಲ್ಲಿಸಿ ಹಳೆಯ ವ್ಯವಸ್ಥೆಗೇ ಮರಳುವ ತೀರ್ಮಾನ ಕೈಗೊಂಡಿತು. ಅಷ್ಟರಲ್ಲಿ ಖರ್ಚಾಗಿದ್ದ ಮೊತ್ತ ಸುಮಾರು 50 ಕೋಟಿ ಯೂರೋ ಎಂದು ಜರ್ಮನಿಯ ಪತ್ರಿಕೆಗಳು ವರದಿ ಮಾಡಿದವು.

ಕಾರಣಗಳು ಹಲವಿದ್ದರೂ ಒಂದು ಕಾರಣವನ್ನು ನಮ್ಮ ವರ್ತಕರು ಕೂಡಲೇ ಗ್ರಹಿಸಬಲ್ಲರು. ಲಿಡ್ಲ್ ತನ್ನ ದಾಸ್ತಾನನ್ನು ಖರೀದಿ ದರದಲ್ಲಿ ಲೆಕ್ಕ ಹಾಕುತ್ತಿತ್ತು. ಚಿಲ್ಲರೆ ವ್ಯಾಪಾರಕ್ಕೆಂದು ಸಿದ್ಧಪಡಿಸಿದ್ದ ಆ ತಂತ್ರಾಂಶವು ಮಾರಾಟ ದರವನ್ನು ಆಧಾರವಾಗಿಟ್ಟುಕೊಂಡಿತ್ತು. ಮೇಲ್ನೋಟಕ್ಕೆ ಇದು ಗುಮಾಸ್ತರ ಮಟ್ಟದ ವ್ಯತ್ಯಾಸ. ಆದರೆ ಯಾವ ಮಳಿಗೆಗೆ ಎಷ್ಟು ಲಾಭ ಬಂದಿತು, ಎಷ್ಟು ಸರಕು ಹಾಳಾಯಿತು, ಯಾವ ವಸ್ತುವಿನ ದರ ಇಳಿಸಬಹುದು ಎಂಬ ಎಲ್ಲ ನಿರ್ಧಾರಗಳೂ ಆ ಒಂದು ಅಂಕಿಯಿಂದ ಹುಟ್ಟುತ್ತವೆ. ಲಿಡ್ಲ್ ತನ್ನ ರೂಢಿಯನ್ನು ಬಿಡಲಿಲ್ಲ. ತಂತ್ರಾಂಶವನ್ನೇ ತನಗೆ ತಕ್ಕಂತೆ ತಿದ್ದಿಸಿತು. ಒಂದೆಡೆ ತಿದ್ದಿದರೆ ಅದಕ್ಕೆ ಹೊಂದಿಕೊಂಡ ಇನ್ನೊಂದು ಭಾಗವನ್ನೂ ತಿದ್ದಬೇಕಾಗುತ್ತದೆ. ವೆಚ್ಚ ಬೆಳೆಯುತ್ತ ಹೋಯಿತು.

ಖರೀದಿ ದರದ ಲೆಕ್ಕ ತಪ್ಪು, ಮಾರಾಟ ದರದ ಲೆಕ್ಕ ಸರಿ ಎಂದು ಇಲ್ಲಿ ಯಾರೂ ತೀರ್ಪು ಕೊಡಲಾಗದು. ತನ್ನ ರೂಢಿಯೇ ತನ್ನ ಬಲವೆಂದು ಭಾವಿಸುವ ಸಂಸ್ಥೆ ಆ ರೂಢಿಗೆ ಒಪ್ಪುವ ತಂತ್ರಾಂಶವನ್ನು ಹುಡುಕಬೇಕು, ಇಲ್ಲವೇ ಮಾಡಿಸಿಕೊಳ್ಳಬೇಕು. ರೂಢಿ ಕೇವಲ ಅಭ್ಯಾಸಬಲದಿಂದ ಉಳಿದದ್ದಾದರೆ ಅದನ್ನು ಬಿಟ್ಟು ಸಿದ್ಧ ತಂತ್ರಾಂಶದ ಕ್ರಮಕ್ಕೆ ಒಗ್ಗಿಕೊಳ್ಳಬೇಕು. ಇವೆರಡೂ ಒಪ್ಪತಕ್ಕ ದಾರಿಗಳು. ಸಿದ್ಧ ವಸ್ತುವನ್ನು ಕೊಂಡು ಅದನ್ನು ಬಗ್ಗಿಸುತ್ತ ಕೂರುವ ಮೂರನೆಯ ದಾರಿಯೇ ಅತ್ಯಂತ ದುಬಾರಿಯಾದದ್ದು; ದುರದೃಷ್ಟವಶಾತ್ ಹೆಚ್ಚಿನವರು ಹಿಡಿಯುವುದೂ ಅದನ್ನೇ. ಹೊಸ ಆವೃತ್ತಿ ಬಂದಾಗಲೆಲ್ಲ ಆ ತಿದ್ದುಪಡಿಗಳನ್ನು ಮತ್ತೆ ಪರೀಕ್ಷಿಸಿ ಮತ್ತೆ ಮಾಡಿಸಬೇಕಾಗುತ್ತದೆ.

ಹಾಗಿದ್ದರೆ ತನ್ನ ಬಲ ಯಾವುದು, ಬರಿಯ ಅಭ್ಯಾಸ ಯಾವುದು ಎಂದು ಉದ್ದಿಮೆದಾರ ಅರಿಯುವುದು ಹೇಗೆ? ಆಡಳಿತ ಶಾಸ್ತ್ರದಲ್ಲಿ ಉದ್ದಿಮೆಯ ವಿನ್ಯಾಸ ಎನ್ನಲಾಗುವ ವಿಷಯ ಇದನ್ನೇ ಕುರಿತದ್ದು. ಐಬಿಎಂ ಸಂಸ್ಥೆಯಲ್ಲಿದ್ದ ಜಾನ್ ಝ್ಯಾಕ್‌ಮನ್ 1987ರಲ್ಲಿ ಪ್ರಕಟಿಸಿದ ಲೇಖನದಿಂದ ಈ ಚಿಂತನೆಗೆ ಪ್ರಚಾರ ದೊರೆಯಿತು. ಕಟ್ಟಡಕ್ಕೆ ನಕ್ಷೆ ಇರುವಂತೆ ಸಂಸ್ಥೆಯ ಮಾಹಿತಿ ವ್ಯವಸ್ಥೆಗೂ ನಕ್ಷೆ ಬೇಕೆಂಬುದು ಅದರ ತಿರುಳು. ದೊಡ್ಡ ಕಂಪನಿಗಳಲ್ಲಿ ಇದು ನೂರಾರು ಪುಟಗಳ ಕಡತವಾಗಿ ಬೆಳೆದಿದೆ. ಸಣ್ಣ ಉದ್ದಿಮೆಗೆ ಒಂದು ಹಾಳೆ ಸಾಕು: ಯಾವ ಕೆಲಸ, ಅದನ್ನು ಮಾಡುವವರು ಯಾರು, ಅದಕ್ಕೆ ಬೇಕಾದ ಮಾಹಿತಿ ಎಲ್ಲಿಂದ ಬರುತ್ತದೆ, ಮುಂದೆ ಯಾರಿಗೆ ಹೋಗುತ್ತದೆ.

ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯ ಸಂಶೋಧನೆಯನ್ನು ಆಧರಿಸಿ ಜೀನ್ ರಾಸ್, ಪೀಟರ್ ವೈಲ್ ಮತ್ತು ಡೇವಿಡ್ ರಾಬರ್ಟ್‌ಸನ್ 2006ರಲ್ಲಿ ಹೊರತಂದ ಗ್ರಂಥವು ಈ ಹಾಳೆಯನ್ನು ಬರೆಯಲು ಹೆಚ್ಚು ಉಪಯುಕ್ತವಾದ ಎರಡು ಪ್ರಶ್ನೆಗಳನ್ನು ಮುಂದಿಡುತ್ತದೆ. ನಮ್ಮ ವಿಭಾಗಗಳು ಎಷ್ಟರಮಟ್ಟಿಗೆ ಒಂದೇ ರೀತಿಯಲ್ಲಿ ಕೆಲಸ ಮಾಡಬೇಕು? ಎಷ್ಟರಮಟ್ಟಿಗೆ ಒಂದೇ ಮಾಹಿತಿಯನ್ನು ಹಂಚಿಕೊಳ್ಳಬೇಕು? ಉತ್ತರಗಳ ಜೋಡಣೆಯಿಂದ ನಾಲ್ಕು ಮಾದರಿಗಳು ದೊರೆಯುತ್ತವೆ. ನಮ್ಮ ಪರಿಸರದ ಉದಾಹರಣೆಗಳಿಂದ ಇವನ್ನು ನೋಡೋಣ. ಅಕ್ಕಿ ಗಿರಣಿ, ಜವಳಿ ಅಂಗಡಿ, ಪೆಟ್ರೋಲ್ ಬಂಕ್ ಮೂರನ್ನೂ ನಡೆಸುವ ಕುಟುಂಬವಿದೆ ಎನ್ನಿ. ಗ್ರಾಹಕರು ಬೇರೆ, ಕೆಲಸದ ಕ್ರಮ ಬೇರೆ. ಅಲ್ಲಿ ಲೆಕ್ಕಪತ್ರದ ಸಾರಾಂಶವೊಂದು ಹಿರಿಯರ ಮೇಜಿಗೆ ಬಂದರೆ ಸಾಕು. ಮೂರಕ್ಕೂ ಒಂದೇ ಸಮಗ್ರ ತಂತ್ರಾಂಶ ಹೊಂದಿಸಲು ಹೋಗುವುದು ವ್ಯರ್ಥ ವೆಚ್ಚ. (ತಂತ್ರಾಂಶ ಮಾರುವವರು ಈ ಮಾತು ಹೇಳುವುದಿಲ್ಲ, ಹೇಳುವುದು ಅವರ ಕೆಲಸವೂ ಅಲ್ಲ.) ಐದಾರು ಬಡಾವಣೆಗಳಲ್ಲಿ ದರ್ಶಿನಿ ನಡೆಸುವವರ ಸ್ಥಿತಿ ಬೇರೆ. ಒಂದು ಶಾಖೆಯ ಗ್ರಾಹಕ ಇನ್ನೊಂದಕ್ಕೆ ಸಂಬಂಧಿಸಿದವನಲ್ಲ, ಆದರೆ ಇಡ್ಲಿಯ ಅಳತೆ, ಖರೀದಿಯ ಕ್ರಮ, ಗಲ್ಲಾದ ಲೆಕ್ಕ ಎಲ್ಲೆಡೆ ಒಂದೇ ಆಗಿರಬೇಕು. ಅಲ್ಲಿ ಒಂದು ಶಾಖೆಯಲ್ಲಿ ಪಳಗಿಸಿದ ವ್ಯವಸ್ಥೆಯ ನಕಲನ್ನೇ ಉಳಿದೆಡೆ ಕೂರಿಸಬಹುದು. ಟ್ರ್ಯಾಕ್ಟರ್ ವಿತರಕರಲ್ಲಿ ಮಾರಾಟ, ದುರಸ್ತಿ, ಬಿಡಿಭಾಗಗಳ ಕೆಲಸದ ರೀತಿ ಬೇರೆಬೇರೆ, ಬರುವ ರೈತ ಮಾತ್ರ ಒಬ್ಬನೇ. ಅವನ ಕುರಿತ ಮಾಹಿತಿ ಮೂರೂ ಕಡೆ ಕಾಣಬೇಕು. ಇನ್ನು ಒಂದೇ ಸರಕನ್ನು ಹಲವು ಘಟಕಗಳಲ್ಲಿ ತಯಾರಿಸಿ ಒಂದೇ ಗೋದಾಮಿನಿಂದ ರವಾನಿಸುವ ತಯಾರಕರಿಗೆ ಎರಡೂ ಬೇಕು. ಇ.ಆರ್.ಪಿ. ಪೂರ್ಣವಾಗಿ ಸಾರ್ಥಕವಾಗುವುದು ಈ ಕೊನೆಯ ಮಾದರಿಯಲ್ಲಿಯೇ.

ಮಾದರಿ ತಿಳಿದ ನಂತರ ಬರುವುದು ಸ್ಪರ್ಧೆಯ ಪ್ರಶ್ನೆ. ಪೀಣ್ಯದಂತಹ ಕೈಗಾರಿಕಾ ಪ್ರದೇಶದಲ್ಲಿ ವಾಹನ ತಯಾರಕರಿಗೆ ಬಿಡಿಭಾಗ ಪೂರೈಸುವ ಘಟಕವೊಂದು ಹತ್ತು ಲಕ್ಷ ರೂಪಾಯಿ ವಿನಿಯೋಗಿಸಲು ಸಿದ್ಧವಿದೆ ಎಂದುಕೊಳ್ಳೋಣ. ಗ್ರಾಹಕರು ಅದನ್ನು ಹುಡುಕಿ ಬರುವುದು ಹೇಳಿದ ದಿನಕ್ಕೆ ಮಾಲು ಕೊಡುವುದರಿಂದಲಾದರೆ, ಯಾವ ಯಂತ್ರದ ಮೇಲೆ ಯಾವ ಆರ್ಡರ್ ಎಷ್ಟು ಹೊತ್ತಿನಿಂದ ಕಾದಿದೆ ಎಂದು ತೋರಿಸುವ ವ್ಯವಸ್ಥೆಗೆ ಆ ಹಣ ಸಲ್ಲಬೇಕು. ಕಡಿಮೆ ದರವೇ ಅದರ ಬಲವಾದರೆ ಕಚ್ಚಾ ಲೋಹದ ತೂಕ, ಸಿದ್ಧ ವಸ್ತುವಿನ ತೂಕ, ಗುಜರಿಯ ತೂಕ ಈ ಮೂರೂ ನಿತ್ಯವೂ ತಾಳೆಯಾಗಬೇಕು. ಗುಣಮಟ್ಟವೇ ಬಲವಾದರೆ ದೋಷ ಕಂಡ ಬಿಡಿಭಾಗ ಯಾವ ಪಾಳಿಯದು, ಯಾವ ಉಕ್ಕಿನ ಸರಳಿನದು ಎಂದು ಹಿಂದಕ್ಕೆ ಜಾಡು ಹಿಡಿಯುವ ದಾಖಲೆ ಮುಖ್ಯ. ಮೂರಕ್ಕೂ ಸ್ವಲ್ಪ ಸ್ವಲ್ಪ ಹಂಚಿದರೆ ಮೂರೂ ಅರ್ಧಕ್ಕೆ ನಿಲ್ಲುತ್ತವೆ. ಮಾಲೀಕರು ಸ್ವತಃ ಕುಳಿತು ಮಾಡಬೇಕಾದ ಈ ನಿರ್ಧಾರವನ್ನು ಗಣಕಯಂತ್ರ ಬಲ್ಲ ಕಿರಿಯ ನೌಕರನಿಗೆ ವಹಿಸುವ ಪದ್ಧತಿ ನಮ್ಮಲ್ಲಿ ವ್ಯಾಪಕವಾಗಿದೆ. ಆತ ಯಂತ್ರವನ್ನು ಬಲ್ಲ. ಸಂಸ್ಥೆ ಯಾವುದರಿಂದ ಬದುಕಿದೆ ಎಂದು ಬಲ್ಲವರು ಮಾಲೀಕರು.

ಯಾವ ತಂತ್ರಾಂಶವೇ ಬರಲಿ, ಸರಕಿನ ಪಟ್ಟಿ ಮತ್ತು ಪೂರೈಕೆದಾರರ ಪಟ್ಟಿ ಮೊದಲು ಶುದ್ಧವಾಗಬೇಕು. ಒಂದೇ ಬೋಲ್ಟಿಗೆ ಖರೀದಿ ವಿಭಾಗದಲ್ಲಿ ಒಂದು ಹೆಸರು, ಉಗ್ರಾಣದಲ್ಲಿ ಮತ್ತೊಂದು ಹೆಸರಿದ್ದರೆ, ಇರುವ ದಾಸ್ತಾನನ್ನು ಇಲ್ಲವೆಂದು ತೋರಿಸುವ ಕೆಲಸವನ್ನು ಗಣಕಯಂತ್ರ ಇನ್ನಷ್ಟು ವೇಗವಾಗಿ ಮಾಡುತ್ತದೆ. ಪೂರೈಕೆದಾರರು ಉದ್ಯಮ್ ನೋಂದಣಿಯ ಪ್ರಕಾರ ಯಾವ ವರ್ಗದವರೆಂಬುದೂ ದಾಖಲಾಗಿರಬೇಕು. ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಗೆ ಗರಿಷ್ಠ 45 ದಿನಗಳ ಕಾಲಮಿತಿಯೊಳಗೆ ಹಣ ಪಾವತಿಸದಿದ್ದರೆ ಆ ವೆಚ್ಚವನ್ನು ಪಾವತಿಸಿದ ವರ್ಷದಲ್ಲಷ್ಟೇ ಕಳೆಯಬಹುದೆಂಬ ಆದಾಯ ತೆರಿಗೆ ನಿಯಮ 2024-25ರ ನಿರ್ಧರಣಾ ವರ್ಷದಿಂದ ಬಂದ ಮೇಲೆ ಈ ಒಂದು ಅಂಕಣಕ್ಕೆ ನೇರ ಹಣದ ಬೆಲೆ ಇದೆ.

ವೆಚ್ಚದ ಅಂದಾಜಿನಲ್ಲಿ ಪರವಾನಗಿ ಶುಲ್ಕದ ಜೊತೆಗೆ ಹಳೆಯ ಮಾಹಿತಿಯ ವರ್ಗಾವಣೆ, ನೌಕರರ ತರಬೇತಿ, ವಾರ್ಷಿಕ ನಿರ್ವಹಣಾ ಶುಲ್ಕಗಳನ್ನೂ ಸೇರಿಸತಕ್ಕದ್ದು. ಮುಂದೊಮ್ಮೆ ಬೇರೆ ತಂತ್ರಾಂಶಕ್ಕೆ ಹೋಗುವುದಾದರೆ ನಮ್ಮ ಮಾಹಿತಿಯನ್ನು ಓದಬಲ್ಲ ರೂಪದಲ್ಲಿ ಹಿಂತಿರುಗಿಸುವರೇ ಎಂಬುದನ್ನು ಕರಾರಿನಲ್ಲಿಯೇ ಬರೆಸಿಕೊಳ್ಳುವುದು ಲೇಸು.

ಆರಂಭದ ದಿನದ ಆಯ್ಕೆಯೂ ಸಣ್ಣ ವಿಷಯವಲ್ಲ. ಅಮೆರಿಕದ ಚಾಕೊಲೇಟ್ ತಯಾರಕರಾದ ಹರ್ಷೀಸ್ ಸಂಸ್ಥೆಯು 11.2 ಕೋಟಿ ಡಾಲರ್ ವೆಚ್ಚದ ಹೊಸ ವ್ಯವಸ್ಥೆಯನ್ನು 48 ತಿಂಗಳ ಬದಲು 30 ತಿಂಗಳಿಗೆ ಇಳಿಸಿ, 1999ರ ಜುಲೈನಲ್ಲಿ ಚಾಲನೆಗೊಳಿಸಿತು. ಅದು ಅಕ್ಟೋಬರ್ ಅಂತ್ಯದ ಹ್ಯಾಲೋವೀನ್ ಹಬ್ಬಕ್ಕೆ ಅಂಗಡಿಗಳಿಂದ ಬೇಡಿಕೆ ಬರತೊಡಗುವ ಕಾಲ. ಗೋದಾಮಿನಲ್ಲಿ ಮಾಲಿದ್ದೂ ಸುಮಾರು 10 ಕೋಟಿ ಡಾಲರ್ ಮೌಲ್ಯದ ಬೇಡಿಕೆಗಳನ್ನು ಪೂರೈಸಲಾಗಲಿಲ್ಲ; ಆ ತ್ರೈಮಾಸಿಕದ ಲಾಭ ಶೇ. 19ರಷ್ಟು ಕುಸಿಯಿತು. ನಮ್ಮ ಜವಳಿ ವರ್ತಕರಿಗೆ ದಸರಾ-ದೀಪಾವಳಿ, ಅಡಿಕೆ ಮಂಡಿಯವರಿಗೆ ಕೊಯ್ಲಿನ ನಂತರದ ತಿಂಗಳುಗಳು, ಎಲ್ಲರಿಗೂ ಮಾರ್ಚ್ ಅಂತ್ಯ ಇಂತಹ ಕಾಲ. ವ್ಯಾಪಾರ ತಗ್ಗಿರುವ ತಿಂಗಳನ್ನು ಆರಿಸಿಕೊಂಡು, ಕನಿಷ್ಠ ಒಂದು ಪೂರ್ಣ ತೆರಿಗೆ ಅವಧಿಯವರೆಗೆ ಹಳೆಯ ಲೆಕ್ಕವನ್ನೂ ಹೊಸ ಲೆಕ್ಕವನ್ನೂ ಜೊತೆಯಾಗಿ ನಡೆಸಿ, ಎರಡರ ಶಿಲ್ಕು ಮತ್ತು ದಾಸ್ತಾನು ತಾಳೆಯಾದ ಮೇಲಷ್ಟೇ ಹಳೆಯದನ್ನು ನಿಲ್ಲಿಸಬೇಕು.