ಬಂಜೆತನದ ಚಿಕಿತ್ಸೆ: ಖರ್ಚು ಯಾರದು?

ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ನಾವು ಐವಿಎಫ್, ಅಂದರೆ ಪ್ರನಾಳ ಶಿಶು ತಂತ್ರವನ್ನು ಓದುತ್ತೇವೆ. ಅಂಡಾಣು ಮತ್ತು ವೀರ್ಯಾಣುವನ್ನು ದೇಹದ ಹೊರಗೆ ಸೇರಿಸಿ, ಬೆಳೆದ ಭ್ರೂಣವನ್ನು ಗರ್ಭಕೋಶದಲ್ಲಿ ಇರಿಸುತ್ತಾರೆ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಖಾಸಗಿ ಆಸ್ಪತ್ರೆಯಲ್ಲಿ ಒಂದು ಸುತ್ತಿಗೆ ಲಕ್ಷ ರೂಪಾಯಿ ದಾಟುವ ಈ ಚಿಕಿತ್ಸೆಗೆ ಸರ್ಕಾರ ಹಣ ಕೊಡಬೇಕೇ? ಎರಡೂ ಕಡೆಯ ವಾದವನ್ನು ಇಲ್ಲಿ ವಿವರಿಸುತ್ತೇನೆ.

ಬೇಡ ಎನ್ನುವವರು ಕೇಳುವುದು ಇದು: ಮಕ್ಕಳಿಲ್ಲದಿದ್ದರೆ ಪ್ರಾಣಕ್ಕೇನೂ ಅಪಾಯವಿಲ್ಲ, ಡಯಾಲಿಸಿಸ್‌ಗೆ, ಹೆರಿಗೆ ವಾರ್ಡಿಗೆ ಹಣ ಸಾಲದಿರುವಾಗ ಇದಕ್ಕೇಕೆ? ಮೇಲಾಗಿ ಪ್ರತಿ ಸುತ್ತೂ ಫಲಿಸುವುದಿಲ್ಲ. ಆಯುಷ್ಮಾನ್ ಭಾರತ್ ಯೋಜನೆಯೂ ಬಂಜೆತನದ ಚಿಕಿತ್ಸೆಯನ್ನು ಹೊರಗಿಟ್ಟಿದೆ.

ಬೇಕು ಎನ್ನುವವರ ಉತ್ತರವೂ ಗಟ್ಟಿಯಾಗಿದೆ. ವಿಶ್ವ ಆರೋಗ್ಯ ಸಂಸ್ಥೆ ಬಂಜೆತನವನ್ನು ರೋಗವೆಂದೇ ಪರಿಗಣಿಸಿದೆ. ಅದರ 2023ರ ವರದಿಯಂತೆ ಸುಮಾರು 6 ಜನರಲ್ಲಿ ಒಬ್ಬರು ಜೀವನದಲ್ಲಿ ಒಮ್ಮೆ ಇದನ್ನು ಎದುರಿಸುತ್ತಾರೆ. ಕಣ್ಣಿನ ಪೊರೆಯೂ ಪ್ರಾಣ ತೆಗೆಯುವುದಿಲ್ಲ. ಆದರೂ ಸರ್ಕಾರಿ ಆಸ್ಪತ್ರೆಯಲ್ಲಿ ಅದರ ಶಸ್ತ್ರಚಿಕಿತ್ಸೆ ಉಚಿತ. ಮಕ್ಕಳು ಸಾಕು ಎನ್ನುವವರಿಗೆ ಸಂತಾನಹರಣ ಚಿಕಿತ್ಸೆಯೂ ಉಚಿತ, ಜೊತೆಗೆ ಪ್ರೋತ್ಸಾಹಧನ. ಹಾಗಿರುವಾಗ ಒಂದಾದರೂ ಮಗು ಬೇಕೆನ್ನುವ ಬಡ ದಂಪತಿಗೆ ಮಾತ್ರ ‘ಇದು ನಿಮ್ಮ ಸ್ವಂತ ವಿಷಯ’ ಎನ್ನುವುದು ನ್ಯಾಯವೇ?

ಹಣ ಕೊಡಲು ಒಪ್ಪಿದರೂ ಪ್ರಶ್ನೆ ಮುಗಿಯದು. 1978ರಲ್ಲಿ ಮೊದಲ ಪ್ರನಾಳ ಶಿಶು ಹುಟ್ಟಿದ ಇಂಗ್ಲೆಂಡನ್ನೇ ನೋಡಿ. 40 ವರ್ಷದೊಳಗಿನ ಅರ್ಹ ಮಹಿಳೆಗೆ 3 ಸುತ್ತು ಕೊಡಬೇಕೆಂದು ಅಲ್ಲಿನ 2013ರ ಮಾರ್ಗಸೂಚಿ ಹೇಳುತ್ತದೆ. ಆದರೆ ತೀರ್ಮಾನ ಸ್ಥಳೀಯ ಆರೋಗ್ಯ ಮಂಡಳಿಗಳದ್ದು. ಹಲವು ಕಡೆ ಸಿಗುವುದು ಒಂದೇ ಸುತ್ತು. ಮನೆಯ ವಿಳಾಸವೇ ಅದೃಷ್ಟ ನಿರ್ಧರಿಸಿದಂತೆ!

ನನ್ನ ಅಭಿಪ್ರಾಯದಲ್ಲಿ ಸರ್ಕಾರ ಮೊದಲು ಕಡಿಮೆ ಖರ್ಚಿನ ಕೆಲಸದಿಂದ ಶುರುಮಾಡಬೇಕು. ಕ್ಷಯ ಮತ್ತು ಲೈಂಗಿಕ ಸೋಂಕುಗಳು ಗರ್ಭನಾಳವನ್ನು ಮುಚ್ಚಿಬಿಡಬಲ್ಲವು. ಇವನ್ನು ಬೇಗ ಪತ್ತೆಹಚ್ಚಿ ಗುಣಪಡಿಸಿದರೆ ಎಷ್ಟೋ ಬಂಜೆತನ ತಪ್ಪುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ ಒಟ್ಟಿಗೆ ತಪಾಸಣೆ ಆಗಬೇಕು. ವೀರ್ಯ ಪರೀಕ್ಷೆ ಅಗ್ಗದ್ದು, ಸುಲಭದ್ದು. ಆದರೂ ನಮ್ಮಲ್ಲಿ ಸೊಸೆಯನ್ನೇ ಊರೂರು ಅಲೆಸಿ, ‘ಬಂಜೆ’ ಎಂಬ ಹೆಸರನ್ನೂ ಅವಳಿಗೇ ಕಟ್ಟುತ್ತಾರೆ.

ಇಷ್ಟಾದ ಮೇಲೂ ಐವಿಎಫ್ ಒಂದೇ ದಾರಿ ಎಂದಾದರೆ, ವಯಸ್ಸಿಗೂ ಸುತ್ತುಗಳಿಗೂ ಮಿತಿ ಇಟ್ಟು, ರಾಜ್ಯಕ್ಕೆಲ್ಲ ಒಂದೇ ನಿಯಮದಡಿ ಜಿಲ್ಲಾ ಆಸ್ಪತ್ರೆಯ ಮೂಲಕ ನೆರವು ಕೊಡಲಿ. ಮಿತಿ ಇಡುವುದು ಅನ್ಯಾಯವಲ್ಲ. ಜೇಬು ನೋಡಿ ಮಿತಿ ಇಡುವುದು ಅನ್ಯಾಯ.